ಸರ್ವರಿನ ಎರಡನೆಯ ದಾರಿ ತೆರೆದಿದೆಯೆ?

ಸಂಗ್ರಹ ಜಾಲದ ಕಾರ್ಡುಗಳನ್ನು ಆಜ್ಞಾ ಸಾಲಿನ ಮೂಲಕ ತಪಾಸಣೆ ಮಾಡಿಸುವ ಕ್ರಮ

ವರ್ಷಕ್ಕೊಮ್ಮೆಯಾದರೂ ಗೋದಾಮಿನ ದಾಸ್ತಾನನ್ನು ಎಣಿಸದೆ ಲೆಕ್ಕ ಮುಗಿಸುವ ವ್ಯಾಪಾರಸ್ಥರು ವಿರಳ. ಯಂತ್ರಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಾರ್ಖಾನೆಯನ್ನು ಒಂದು ಸುತ್ತು ಬಂದು, ಪುಸ್ತಕದಲ್ಲಿರುವ ಲೇತು, ಮಿಲ್ಲಿಂಗ್ ಯಂತ್ರ, ಕಂಪ್ರೆಸರುಗಳು ನೆಲದ ಮೇಲೂ ಇವೆಯೆಂದು ಖಚಿತಪಡಿಸಿಕೊಳ್ಳುವುದೂ ವಾಡಿಕೆಯೇ. ಆದರೆ ಕಚೇರಿಯ ಹವಾನಿಯಂತ್ರಿತ ಕೊಠಡಿಯಲ್ಲಿರುವ ಸರ್ವರಿನ ವಿಷಯ ಬಂದಾಗ ಈ ಎಣಿಕೆ ನಿಂತುಹೋಗುತ್ತದೆ. ಪೆಟ್ಟಿಗೆಯೊಂದು ಅಲ್ಲಿದೆ, ಅದರ ಮುಂಭಾಗದಲ್ಲಿ ಹಸಿರು ದೀಪ ಉರಿಯುತ್ತಿದೆ ಎಂಬಷ್ಟಕ್ಕೇ ತಪಾಸಣೆ ಮುಗಿಯುತ್ತದೆ. ಪೆಟ್ಟಿಗೆಯೊಳಗೆ ಏನಿದೆ, ಹಣ ಕೊಟ್ಟು ಖರೀದಿಸಿದ ಪ್ರತಿಯೊಂದು ಭಾಗವೂ ಕೆಲಸ ಮಾಡುತ್ತಿದೆಯೆ ಎಂದು ಕೇಳುವವರು ಕಡಿಮೆ.

ಈ ಲೇಖನದ ವಸ್ತು ಆ ಪೆಟ್ಟಿಗೆಯೊಳಗಿನ ಒಂದು ಸಣ್ಣ ಭಾಗ. ತಂತ್ರಜ್ಞರು ಅದನ್ನು ಹೋಸ್ಟ್ ಬಸ್ ಅಡಾಪ್ಟರ್ ಅಥವಾ ಸಂಕ್ಷಿಪ್ತವಾಗಿ ಎಚ್‌ಬಿಎ ಎಂದು ಕರೆಯುತ್ತಾರೆ. ಸರ್ವರನ್ನೂ ಹೊರಗಿನ ಡಿಸ್ಕ್ ಪೆಟ್ಟಿಗೆಯನ್ನೂ ಜೋಡಿಸುವ ಕಾರ್ಡು ಇದು. ಸಂಸ್ಥೆಯ ಖಾತೆ, ದಾಸ್ತಾನು, ಬಿಲ್ಲು, ಸಂಬಳದ ಪಟ್ಟಿ ಎಲ್ಲವೂ ಈ ಕಾರ್ಡಿನ ಮೂಲಕವೇ ಡಿಸ್ಕಿಗೆ ಹೋಗಿ ಬರುತ್ತವೆ. ಇದನ್ನು ಪರೀಕ್ಷಿಸಲು ಸರ್ವರಿನ ಮುಚ್ಚಳ ತೆಗೆಯಬೇಕಾಗಿಲ್ಲ, ಕೆಲಸ ನಿಲ್ಲಿಸಬೇಕಾಗಿಲ್ಲ, ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಕೆಲವೇ ಆಜ್ಞೆಗಳನ್ನು ಬೆರಳಚ್ಚಿಸಿದರೆ ಸರ್ವರೇ ಉತ್ತರ ಹೇಳುತ್ತದೆ. ಮಾಲೀಕರು ಸ್ವತಃ ಈ ಆಜ್ಞೆಗಳನ್ನು ಕಲಿಯಬೇಕೆಂಬುದು ಇಲ್ಲಿನ ಉದ್ದೇಶವಲ್ಲ. ತಂತ್ರಜ್ಞರನ್ನು ಯಾವ ಪ್ರಶ್ನೆ ಕೇಳಬೇಕು, ಬಂದ ಉತ್ತರವನ್ನು ಹೇಗೆ ಓದಬೇಕು ಎಂಬುದು ತಿಳಿದರೆ ಸಾಕು.

ಯಾರಿಗೆ ಇದು ಅನ್ವಯ?

ಎಲ್ಲ ಸಂಸ್ಥೆಗಳಿಗೂ ಈ ತಪಾಸಣೆ ಬೇಕಾಗುವುದಿಲ್ಲ. ಒಂದೇ ಗಣಕಯಂತ್ರದಲ್ಲಿ ಲೆಕ್ಕ ಬರೆಯುವ ಅಂಗಡಿಗಾಗಲೀ, ಸರ್ವರಿನೊಳಗಿನ ಡಿಸ್ಕಿನಲ್ಲೇ ಎಲ್ಲವನ್ನೂ ಇಟ್ಟಿರುವ ಘಟಕಕ್ಕಾಗಲೀ, ಬಾಡಿಗೆಯ ಕ್ಲೌಡ್ ಸೇವೆ ಪಡೆದವರಿಗಾಗಲೀ ಹೊರಗಿನ ಸಂಗ್ರಹ ಜಾಲ ಇರುವುದಿಲ್ಲ. ಆದರೆ ವಹಿವಾಟು ಬೆಳೆದು, ಒಂದಕ್ಕಿಂತ ಹೆಚ್ಚು ಸರ್ವರುಗಳು ಒಂದೇ ಡಿಸ್ಕ್ ಪೆಟ್ಟಿಗೆಯನ್ನು ಹಂಚಿಕೊಳ್ಳುವ ಏರ್ಪಾಡು ಮಾಡಿಕೊಂಡಿರುವ ಘಟಕಗಳು ಸಾಕಷ್ಟಿವೆ. ಇಆರ್‌ಪಿ ತಂತ್ರಾಂಶ ಅಳವಡಿಸಿಕೊಂಡ ಮಧ್ಯಮ ಗಾತ್ರದ ಕಾರ್ಖಾನೆಗಳು, ಹಲವು ಶಾಖೆಗಳುಳ್ಳ ಸಗಟು ವ್ಯಾಪಾರಸ್ಥರು, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಿಂದ ಬಳಸಿದ ಸರ್ವರುಗಳನ್ನು ಖರೀದಿಸುವವರು ಈ ವರ್ಗಕ್ಕೆ ಸೇರುತ್ತಾರೆ. ಇಂಥವರ ಸರ್ವರ್ ಖರೀದಿಯ ಬಿಲ್ಲನ್ನು ತೆರೆದು ನೋಡಿದರೆ 'ಎಫ್‌ಸಿ ಎಚ್‌ಬಿಎ, ಎರಡು' ಎಂಬಂತಹ ಒಂದು ಸಾಲು ಕಾಣುವ ಸಾಧ್ಯತೆ ಇದೆ. ಎಫ್‌ಸಿ ಎಂದರೆ ಫೈಬರ್ ಚಾನೆಲ್. ಗಾಜಿನ ಎಳೆಯ ಮೂಲಕ ಬೆಳಕಿನ ರೂಪದಲ್ಲಿ ಮಾಹಿತಿ ಸಾಗಿಸುವ, ಡಿಸ್ಕುಗಳಿಗಾಗಿಯೇ ರೂಪುಗೊಂಡ ಜಾಲ ಇದು.

ಎರಡು ದಾರಿಗಳ ಏರ್ಪಾಡು

ಬಿಲ್ಲಿನಲ್ಲಿ 'ಎರಡು' ಎಂದು ಬರೆದಿರುವುದು ಸುಮ್ಮನೆ ಅಲ್ಲ. ಸರ್ವರಿನಿಂದ ಡಿಸ್ಕ್ ಪೆಟ್ಟಿಗೆಗೆ ಎರಡು ಪ್ರತ್ಯೇಕ ದಾರಿಗಳಿರಬೇಕೆಂಬುದು ಈ ಜಾಲದ ಮೂಲ ನಿಯಮ. ಎರಡು ಕಾರ್ಡುಗಳು, ಎರಡು ಕೇಬಲ್‌ಗಳು, ಎರಡು ಸ್ವಿಚ್‌ಗಳು, ಡಿಸ್ಕ್ ಪೆಟ್ಟಿಗೆಯಲ್ಲಿ ಎರಡು ನಿಯಂತ್ರಕಗಳು. ಒಂದು ದಾರಿ ಕಡಿದುಹೋದರೆ ಮಲ್ಟಿಪಾತ್ ಎಂಬ ತಂತ್ರಾಂಶವು ಎಲ್ಲ ಸಂಚಾರವನ್ನೂ ಇನ್ನೊಂದು ದಾರಿಗೆ ತಿರುಗಿಸುತ್ತದೆ. ಬಿಲ್ಲು ಬರೆಯುತ್ತಿರುವ ಗುಮಾಸ್ತರಿಗೆ ಏನೂ ಗೊತ್ತಾಗುವುದಿಲ್ಲ.

ಈ ಏರ್ಪಾಡಿನ ಗುಣವೂ ಅದೇ, ಅಪಾಯವೂ ಅದೇ. ಮೊದಲ ದಾರಿ ಕಡಿದಾಗ ಯಾರಿಗೂ ತೊಂದರೆಯಾಗುವುದಿಲ್ಲವಾದ್ದರಿಂದ ಯಾರೂ ದೂರು ಕೊಡುವುದಿಲ್ಲ. ಸರ್ವರಿನ ದಿನಚರಿ ಕಡತದಲ್ಲಿ ಒಂದು ಸಾಲು ದಾಖಲಾಗುತ್ತದೆ. ಆ ಕಡತವನ್ನು ಓದುವವರಿಲ್ಲದಿದ್ದರೆ, ಅಥವಾ ಎಚ್ಚರಿಕೆಯ ಸಂದೇಶ ಯಾರಿಗಾದರೂ ತಲುಪುವಂತೆ ವ್ಯವಸ್ಥೆ ಮಾಡಿರದಿದ್ದರೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಅಂದಿನಿಂದ ಸಂಸ್ಥೆಯು ಒಂದೇ ದಾರಿಯ ಮೇಲೆ ನಡೆಯುತ್ತಿರುತ್ತದೆ; ಎರಡು ದಾರಿಗಳಿಗೆ ಹಣ ಕೊಟ್ಟಿರುತ್ತದೆ, ವಾರ್ಷಿಕ ನಿರ್ವಹಣಾ ಒಪ್ಪಂದದ ಶುಲ್ಕವನ್ನೂ ಎರಡಕ್ಕೇ ಕಟ್ಟುತ್ತಿರುತ್ತದೆ. ಕಂತು ಕಟ್ಟಿ ರಸೀದಿ ಇಟ್ಟುಕೊಂಡಿದ್ದರೂ ರದ್ದಾಗಿಹೋದ ವಿಮಾ ಪಾಲಿಸಿಯ ಸ್ಥಿತಿ ಇದು. ಬೆಂಕಿ ಬೀಳುವ ದಿನದವರೆಗೆ ವ್ಯತ್ಯಾಸ ತಿಳಿಯದು.

ಆ ದಿನ ಉಳಿದ ಒಂದು ದಾರಿಯೂ ಕಡಿಯಿತೆನ್ನೋಣ. ಸರ್ವರಿನ ದೃಷ್ಟಿಯಲ್ಲಿ ಡಿಸ್ಕೇ ಮಾಯವಾಗುತ್ತದೆ. ಇಆರ್‌ಪಿ ಸ್ತಬ್ಧವಾಗುತ್ತದೆ ಅಥವಾ ದೋಷ ತೋರಿಸಿ ನಿಲ್ಲುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಬಿಲ್ಲಿನ ವಿವರಗಳೇ ಹೊರಬಾರದಿದ್ದರೆ ಮಾಲು ತುಂಬಿದ ಲಾರಿ ಗೇಟಿನೊಳಗೇ ನಿಲ್ಲುತ್ತದೆ. ಬರೆಯುತ್ತಿದ್ದ ಅರ್ಧದಲ್ಲಿ ಡಿಸ್ಕು ಕಡಿದುಹೋದ ದತ್ತಸಂಚಯವನ್ನು ಸರಿಪಡಿಸುವ ಕೆಲಸ ಅದರ ನಂತರದ್ದು.

ಆಜ್ಞಾ ಸಾಲು ಏಕೆ?

ಚಿತ್ರಗಳಿಂದ ಕೂಡಿದ ನಿರ್ವಹಣಾ ತಂತ್ರಾಂಶಗಳು ಇವೆ. ಅವು ಒಳ್ಳೆಯವೇ. ಆದರೆ ಅವು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತವೆ, ಕೆಲವಕ್ಕೆ ಪ್ರತ್ಯೇಕ ಪರವಾನಗಿ ಬೇಕು, ಮತ್ತು ತೆರೆಯ ಮೇಲೆ ಕಂಡದ್ದನ್ನು ಕಡತಕ್ಕೆ ಸೇರಿಸುವುದು ಕಷ್ಟ. ಆಜ್ಞಾ ಸಾಲಿನಲ್ಲಿ ಬರುವ ಉತ್ತರ ಬರಿಯ ಅಕ್ಷರಗಳು. ಅದನ್ನು ದಿನಾಂಕ ಸಮೇತ ಮುದ್ರಿಸಿ ಕಡತದಲ್ಲಿ ಇಡಬಹುದು. ಆರು ತಿಂಗಳ ನಂತರ ಅದೇ ಆಜ್ಞೆ ಕೊಟ್ಟು ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಲೆಕ್ಕಪರಿಶೋಧನೆಗೆ ಬೇಕಾದದ್ದು ಇಂಥ ದಾಖಲೆಯೇ.

ಮುಂದಿನ ವಿವರಣೆಗೆ ಲಿನಕ್ಸ್ ಸರ್ವರನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಆಜ್ಞೆಗಳನ್ನು ಇಂಗ್ಲಿಷಿನ ಅಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು. ಇಲ್ಲಿ ಅವುಗಳ ಉಚ್ಚಾರ ಮಾತ್ರ ಕೊಟ್ಟಿದೆ. ಸರ್ವರ್ ನೋಡಿಕೊಳ್ಳುವ ತಂತ್ರಜ್ಞರಿಗೆ ಇವೆಲ್ಲ ಪರಿಚಿತವೇ.

ಮೊದಲ ಪ್ರಶ್ನೆ: ಕಾರ್ಡು ಇದೆಯೆ?

'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆಯು ಸರ್ವರಿನ ಒಳಗೆ ಅಳವಡಿಸಿರುವ ಎಲ್ಲ ಕಾರ್ಡುಗಳ ಪಟ್ಟಿ ಕೊಡುತ್ತದೆ. ಅದರಲ್ಲಿ 'ಫೈಬರ್ ಚಾನೆಲ್' ಎಂಬ ಪದವಿರುವ ಸಾಲುಗಳನ್ನು ಎಣಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಕಾರ್ಡಿನಲ್ಲಿ ಎರಡು ಪೋರ್ಟುಗಳಿದ್ದರೆ ಪಟ್ಟಿಯಲ್ಲಿ ಎರಡು ಸಾಲುಗಳು ಬರುತ್ತವೆ. ಎರಡು ಸಾಲು ಕಂಡವೆಂದು ಎರಡು ಕಾರ್ಡು ಇವೆಯೆಂದು ಬರೆದುಕೊಳ್ಳಬಾರದು. ಪ್ರತಿ ಸಾಲಿನ ಆರಂಭದಲ್ಲಿ ಒಂದು ಸ್ಥಾನ ಸಂಖ್ಯೆ ಇರುತ್ತದೆ. ಬಿಂದುವಿನ ನಂತರದ ಕೊನೆಯ ಅಂಕೆ ಮಾತ್ರ ಬೇರೆಯಾಗಿದ್ದು ಉಳಿದದ್ದು ಒಂದೇ ಆಗಿದ್ದರೆ ಅವು ಒಂದೇ ಕಾರ್ಡಿನ ಎರಡು ಪೋರ್ಟುಗಳು. ಇಂಥ ಕಾರ್ಡು ಕೇಬಲ್ ಅಥವಾ ಸ್ವಿಚ್ ಕೆಟ್ಟಾಗ ರಕ್ಷಣೆ ಕೊಡುತ್ತದೆಯೇ ಹೊರತು ಕಾರ್ಡೇ ಕೆಟ್ಟಾಗ ಕೊಡುವುದಿಲ್ಲ. ಬಿಲ್ಲಿನಲ್ಲಿ ಎರಡು ಕಾರ್ಡುಗಳಿದ್ದು ಸರ್ವರಿನಲ್ಲಿ ಎರಡು ಪೋರ್ಟಿನ ಒಂದೇ ಕಾರ್ಡು ಇದ್ದರೆ ಸರಬರಾಜುದಾರರನ್ನು ಕೇಳಬೇಕಾದ ವಿಷಯ ಅದು.

ಹೆಸರಿನ ವ್ಯತ್ಯಾಸಕ್ಕೆ ಗಾಬರಿಯಾಗಬೇಕಿಲ್ಲ. ಈ ಕಾರ್ಡುಗಳ ಪ್ರಮುಖ ತಯಾರಕರು ಎಮ್ಯುಲೆಕ್ಸ್ ಮತ್ತು ಕ್ಯೂಲಾಜಿಕ್. ಎಮ್ಯುಲೆಕ್ಸ್ ಅನ್ನು 2015ರಲ್ಲಿ ಅವಾಗೊ ಖರೀದಿಸಿತು. ಅವಾಗೊ 2016ರಲ್ಲಿ ಬ್ರಾಡ್‌ಕಾಮ್ ಎಂಬ ಹೆಸರು ತಳೆಯಿತು. ಕ್ಯೂಲಾಜಿಕ್ 2016ರಲ್ಲಿ ಕೇವಿಯಂ ಸಂಸ್ಥೆಗೆ, ಕೇವಿಯಂ 2018ರಲ್ಲಿ ಮಾರ್ವೆಲ್ ಸಂಸ್ಥೆಗೆ ಸೇರಿತು. ಆದ್ದರಿಂದ ಬಿಲ್ಲಿನಲ್ಲಿ ಒಂದು ಹೆಸರು, ಸರ್ವರಿನ ಉತ್ತರದಲ್ಲಿ ಇನ್ನೊಂದು ಹೆಸರು ಇರುವುದು ಸಹಜ. ಮಾದರಿ ಸಂಖ್ಯೆಯನ್ನು ತಾಳೆ ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಪ್ರತಿ ಪೋರ್ಟಿಗೂ ಜಗತ್ತಿನಲ್ಲಿ ಬೇರಾವ ಪೋರ್ಟಿಗೂ ಇರದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಇದಕ್ಕೆ ವರ್ಲ್ಡ್‌ವೈಡ್ ಪೋರ್ಟ್ ನೇಮ್ ಎಂದು ಹೆಸರು. ಅಂಕೆ ಮತ್ತು ಅಕ್ಷರಗಳು ಬೆರೆತ 16 ಸ್ಥಾನಗಳ ಈ ಸಂಖ್ಯೆಯನ್ನು ವಾಹನದ ಚಾಸಿ ಸಂಖ್ಯೆಯಂತೆ ಭಾವಿಸಬಹುದು. ಲಿನಕ್ಸಿನಲ್ಲಿ 'ಸಿಸ್' ಕಡತಕೋಶದೊಳಗಿನ 'ಕ್ಲಾಸ್', ಅದರೊಳಗಿನ 'ಎಫ್‌ಸಿ ಹೋಸ್ಟ್' ಎಂಬಲ್ಲಿ ಪ್ರತಿ ಪೋರ್ಟಿಗೂ ಒಂದು ಕೋಶವಿದ್ದು, 'ಪೋರ್ಟ್ ನೇಮ್' ಎಂಬ ಕಡತದಲ್ಲಿ ಈ ಸಂಖ್ಯೆ ಇರುತ್ತದೆ. ತಯಾರಕರು ಯಾರೇ ಆದರೂ ಈ ಸ್ಥಳ ಬದಲಾಗುವುದಿಲ್ಲ. ಎಲ್ಲ ವಿವರಗಳನ್ನೂ ಒಮ್ಮೆಗೇ ಪಡೆಯಲು 'ಸಿಸ್‌ಟೂಲ್' ಎಂಬ ಆಜ್ಞೆಯಿದೆ.

ಈ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದರಿಂದ ಒಂದು ಪ್ರತ್ಯಕ್ಷ ಲಾಭವಿದೆ. ಯಾವ ಸರ್ವರಿಗೆ ಯಾವ ಡಿಸ್ಕು ಕಾಣಬೇಕೆಂಬುದನ್ನು ಸ್ವಿಚ್ ಮತ್ತು ಡಿಸ್ಕ್ ಪೆಟ್ಟಿಗೆಗಳು ಸಾಮಾನ್ಯವಾಗಿ ಈ ಸಂಖ್ಯೆಯನ್ನು ನೋಡಿಯೇ ನಿರ್ಧರಿಸುತ್ತವೆ. ಕೆಟ್ಟ ಕಾರ್ಡನ್ನು ಬದಲಿಸಿದಾಗ ಹೊಸ ಕಾರ್ಡಿನ ಸಂಖ್ಯೆ ಬೇರೆಯಾದ್ದರಿಂದ ಡಿಸ್ಕ್ ಪೆಟ್ಟಿಗೆ ಅದನ್ನು ಅಪರಿಚಿತನೆಂದು ಹೊರಗೆ ನಿಲ್ಲಿಸುತ್ತದೆ. ಹಳೆಯ ಸಂಖ್ಯೆ ಇದ್ದಲ್ಲೆಲ್ಲ ಹೊಸದನ್ನು ನಮೂದಿಸಬೇಕು. ಹಳೆಯದು ಯಾವುದೆಂಬ ದಾಖಲೆಯೇ ಇಲ್ಲದಿದ್ದರೆ ಅರ್ಧ ಗಂಟೆಯ ಕೆಲಸ ಅರ್ಧ ದಿನಕ್ಕೆ ಬೆಳೆಯುತ್ತದೆ.

ಎರಡನೆಯ ಪ್ರಶ್ನೆ: ಯಾವ ಸ್ಥಿತಿ, ಎಷ್ಟು ವೇಗ?

ಅದೇ ಕೋಶದಲ್ಲಿ 'ಪೋರ್ಟ್ ಸ್ಟೇಟ್' ಎಂಬ ಇನ್ನೊಂದು ಕಡತವಿದೆ. 'ಆನ್‌ಲೈನ್' ಎಂದಿದ್ದರೆ ಕೇಬಲಿನ ಆಚೆ ತುದಿಯೊಡನೆ ಸಂಪರ್ಕವಿದೆ ಎಂದರ್ಥ. 'ಲಿಂಕ್‌ಡೌನ್' ಎಂದಿದ್ದರೆ ಕಾರ್ಡು ಇದೆ, ಸಂಪರ್ಕವಿಲ್ಲ. ಎರಡು ಪೋರ್ಟುಗಳಲ್ಲಿ ಒಂದು ಲಿಂಕ್‌ಡೌನ್ ಆಗಿದ್ದರೂ ವ್ಯವಹಾರ ಎಂದಿನಂತೆ ನಡೆಯುತ್ತಿರುತ್ತದೆ ಎಂಬುದನ್ನು ನೆನಪಿಡಬೇಕು.

'ಸ್ಪೀಡ್' ಎಂಬ ಕಡತ ಈಗ ನಡೆಯುತ್ತಿರುವ ವೇಗವನ್ನೂ, 'ಸಪೋರ್ಟೆಡ್ ಸ್ಪೀಡ್ಸ್' ಎಂಬುದು ಕಾರ್ಡಿಗೆ ಸಾಧ್ಯವಿರುವ ವೇಗಗಳನ್ನೂ ತೋರಿಸುತ್ತವೆ. ಸೆಕೆಂಡಿಗೆ 8 ಗಿಗಾಬಿಟ್ ವೇಗದ ಕೊಂಡಿಯು ಒಂದು ದಿಕ್ಕಿನಲ್ಲಿ ಸುಮಾರು 800 ಮೆಗಾಬೈಟ್, 16 ಗಿಗಾಬಿಟ್ ವೇಗದ್ದು ಸುಮಾರು 1,600 ಮೆಗಾಬೈಟ್ ಸಾಗಿಸಬಲ್ಲದು. ಎರಡು ತುದಿಗಳು ಭಿನ್ನ ವೇಗದವಾಗಿದ್ದರೆ ಇಬ್ಬರಿಗೂ ಸಾಧ್ಯವಾದ ವೇಗಕ್ಕೆ ಒಪ್ಪಿಕೊಳ್ಳುತ್ತವೆ. 16 ಗಿಗಾಬಿಟ್ಟಿನ ಕಾರ್ಡಿಗೆ ಬೆಲೆ ಕೊಟ್ಟು, ಹಳೆಯ ಸ್ವಿಚ್ಚಿನ ಕಾರಣದಿಂದ 4ರಲ್ಲಿ ನಡೆಸುತ್ತಿರುವ ಸಂಗತಿ ಹೊರಬೀಳುವುದು ಈ ಎರಡು ಕಡತಗಳನ್ನು ಓದಿದಾಗಲೇ.

ಖರೀದಿಗೆ ಮುನ್ನ ತಿಳಿದಿರಬೇಕಾದ ನಿಯಮವೊಂದಿದೆ. ಸಾಮಾನ್ಯವಾಗಿ ಈ ಕಾರ್ಡುಗಳು ತಮಗಿಂತ ಹಿಂದಿನ ಎರಡು ಪೀಳಿಗೆಗಳವರೆಗೆ ಮಾತ್ರ ಇಳಿದು ಕೆಲಸ ಮಾಡುತ್ತವೆ. 16ರ ಕಾರ್ಡು 8 ಮತ್ತು 4ರೊಡನೆ ಹೊಂದಿಕೊಳ್ಳುತ್ತದೆ. 32ರ ಕಾರ್ಡು 16 ಮತ್ತು 8ರೊಡನೆ ಹೊಂದಿಕೊಳ್ಳುತ್ತದೆ, 4ರೊಡನೆ ಇಲ್ಲ. ಹಳೆಯ ಡಿಸ್ಕ್ ಪೆಟ್ಟಿಗೆಯನ್ನು ಉಳಿಸಿಕೊಂಡು ಸರ್ವರ್ ಮಾತ್ರ ಹೊಸದು ಕೊಳ್ಳುವವರು ಇದನ್ನು ಗಮನಿಸದಿದ್ದರೆ ಹೊಸ ಕಾರ್ಡು ಹಳೆಯ ಪೆಟ್ಟಿಗೆಯೊಡನೆ ಮಾತನಾಡದು. ಕೇಬಲಿನ ಉದ್ದಕ್ಕೂ ಮಿತಿಯಿದೆ. ಓಎಂ3 ದರ್ಜೆಯ ಗಾಜಿನ ಕೇಬಲಿನಲ್ಲಿ 8 ಗಿಗಾಬಿಟ್ ವೇಗಕ್ಕೆ 150 ಮೀಟರ್, 16ಕ್ಕೆ 100 ಮೀಟರ್, 32ಕ್ಕೆ 70 ಮೀಟರ್ ಗರಿಷ್ಠ. ಡಿಸ್ಕ್ ಪೆಟ್ಟಿಗೆಯನ್ನು ಕಾರ್ಖಾನೆಯ ಇನ್ನೊಂದು ಕಟ್ಟಡದಲ್ಲಿ ಇಟ್ಟವರು ಕಾರ್ಡಿನ ವೇಗ ಹೆಚ್ಚಿಸುವ ಮುನ್ನ ಟೇಪು ಹಿಡಿದು ಅಳೆಯುವುದು ಲೇಸು.

ಮೂರನೆಯ ಪ್ರಶ್ನೆ: ದೋಷಗಳ ಖಾತೆ ಏನು ಹೇಳುತ್ತದೆ?

ಪ್ರತಿ ಪೋರ್ಟಿನ ಕೋಶದೊಳಗೆ 'ಸ್ಟಾಟಿಸ್ಟಿಕ್ಸ್' ಎಂಬ ಉಪಕೋಶವಿದ್ದು, ಅಲ್ಲಿ ಕಾರ್ಡು ತಾನು ಕಂಡ ದೋಷಗಳನ್ನು ಖಾತೆಯಂತೆ ಬರೆದಿಡುತ್ತದೆ. ಕೊಂಡಿ ಎಷ್ಟು ಬಾರಿ ಕಡಿಯಿತು, ಬೆಳಕಿನ ಸಂಕೇತ ಎಷ್ಟು ಬಾರಿ ತಪ್ಪಿತು, ಕೆಟ್ಟುಹೋಗಿ ಬಂದ ಕಂತೆಗಳು ಎಷ್ಟು ಎಂಬಿವು ಮುಖ್ಯವಾದವು. ಈ ಅಂಕಿಗಳನ್ನು ಓದುವಾಗ ಮೂರು ಅಂಶಗಳನ್ನು ತಿಳಿದಿರಬೇಕು.

ಒಂದನೆಯದು, ಇವು ದಶಮಾನ ಪದ್ಧತಿಯಲ್ಲಿರುವುದಿಲ್ಲ, 16ರ ಆಧಾರದಲ್ಲಿರುತ್ತವೆ. '0ಎಕ್ಸ್' ಎಂಬ ಗುರುತಿನ ನಂತರ ಬರುವುದೇ ಸಂಖ್ಯೆ. 0ಎಕ್ಸ್1ಎ ಎಂದರೆ 26. 0ಎಕ್ಸ್3ಇ8 ಎಂದರೆ 1,000. ಸಂಖ್ಯೆಯ ತುಂಬ 'ಎಫ್' ಅಕ್ಷರವೇ ಸಾಲಾಗಿ ಇದ್ದರೆ ಕೋಟಿಗಟ್ಟಲೆ ದೋಷಗಳಾಗಿವೆ ಎಂದಲ್ಲ. ಆ ಲೆಕ್ಕವನ್ನು ಆ ಕಾರ್ಡಿನ ಚಾಲಕ ತಂತ್ರಾಂಶ ಇಡುವುದಿಲ್ಲ ಎಂದಷ್ಟೇ ಅರ್ಥ.

ಎರಡನೆಯದು, ಇವು ಸಂಚಿತ ಮೊತ್ತಗಳು. ಸರ್ವರನ್ನು ಮತ್ತೆ ಚಾಲೂ ಮಾಡಿದಾಗ ಸೊನ್ನೆಯಿಂದ ಆರಂಭವಾಗುತ್ತವೆ. ಆದ್ದರಿಂದ ಒಂದು ದಿನದ ಅಂಕಿಯನ್ನು ಮಾತ್ರ ನೋಡಿ ತೀರ್ಮಾನಿಸುವುದು, ಆರಂಭ ಶಿಲ್ಕು ನೋಡದೆ ಅಂತ್ಯ ಶಿಲ್ಕಿನಿಂದ ವರ್ಷದ ವಹಿವಾಟು ಹೇಳಿದಂತೆ. ಏಪ್ರಿಲ್ 1ರಂದು 26 ಇದ್ದು ಜುಲೈ 1ರಂದೂ 26 ಇದ್ದರೆ, ಆ ಅವಧಿಯಲ್ಲಿ ಸರ್ವರ್ ನಿಂತಿಲ್ಲವೆಂದಾದರೆ, ಮೂರು ತಿಂಗಳಲ್ಲಿ ಒಂದೂ ದೋಷವಾಗಿಲ್ಲ. 26 ಇದ್ದದ್ದು 1,000 ಆಗಿದ್ದರೆ 974 ದೋಷಗಳು ಈ ಅವಧಿಯವು, ಕಾರಣ ಹುಡುಕಲೇಬೇಕು.

ಮೂರನೆಯದು, ಎಲ್ಲ ದೋಷಗಳೂ ಒಂದೇ ಬಗೆಯವಲ್ಲ. ಸ್ವಿಚ್ಚನ್ನು ಆರಿಸಿ ಹೊತ್ತಿಸಿದಾಗ, ಕೇಬಲನ್ನು ತೆಗೆದು ಹಾಕಿದಾಗ ಕೊಂಡಿ ಕಡಿದ ಲೆಕ್ಕ ಏರುವುದು ಸಹಜ. ಆದರೆ ಯಾರೂ ಏನನ್ನೂ ಮುಟ್ಟದಿದ್ದರೂ 'ಇನ್‌ವ್ಯಾಲಿಡ್ ಸಿಆರ್‌ಸಿ' ಎಂಬ ಲೆಕ್ಕ ಏರುತ್ತಿದ್ದರೆ ಬೆಳಕಿನ ದಾರಿಯಲ್ಲಿ ದೋಷವಿದೆ. ಕೇಬಲಿನ ತುದಿಗೆ ಧೂಳು ಕುಳಿತಿರುವುದು, ಕೇಬಲು ಅತಿಯಾಗಿ ಬಾಗಿರುವುದು, ತುದಿಯ ಬೆಳಕಿನ ಬಿಡಿಭಾಗ ಸವೆದಿರುವುದು ಸಾಮಾನ್ಯ ಕಾರಣಗಳು. ಲೋಹದ ಪುಡಿ ಮತ್ತು ಧೂಳು ಹೆಚ್ಚಾಗಿರುವ ಕಾರ್ಖಾನೆಯ ಪರಿಸರದಲ್ಲಿ ಮೊದಲನೆಯ ಕಾರಣದ ಕಡೆಗೇ ಮೊದಲು ನೋಡಬೇಕು. ಕೇಬಲಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದು ಮಾತ್ರ ಕೂಡದು; ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣುವಂತಹದಲ್ಲ.

ನಾಲ್ಕನೆಯ ಪ್ರಶ್ನೆ: ಡಿಸ್ಕಿನವರೆಗೆ ಎಷ್ಟು ದಾರಿಗಳು?

ಪೋರ್ಟು ಆನ್‌ಲೈನ್ ಇದ್ದ ಮಾತ್ರಕ್ಕೆ ಡಿಸ್ಕಿನವರೆಗೆ ದಾರಿ ಇದೆಯೆಂದಲ್ಲ. ಸ್ವಿಚ್ಚಿನವರೆಗೆ ಸಂಪರ್ಕವಿದ್ದು, ಅಲ್ಲಿಂದ ಮುಂದೆ ಅನುಮತಿ ಇಲ್ಲದಿರಬಹುದು. ಇದನ್ನು ತಿಳಿಯಲು 'ಮಲ್ಟಿಪಾತ್' ಎಂಬ ಆಜ್ಞೆಯನ್ನು 'ಎಲ್ ಎಲ್' ಎಂಬ ಸೂಚನೆಯೊಡನೆ ಕೊಡಬೇಕು. ಪ್ರತಿ ಡಿಸ್ಕಿನ ಹೆಸರಿನ ಕೆಳಗೆ ಅದಕ್ಕೆ ಹೋಗುವ ದಾರಿಗಳು ಒಂದೊಂದು ಸಾಲಾಗಿ ಬರುತ್ತವೆ. ಸರಿಯಿರುವ ದಾರಿಯ ಮುಂದೆ 'ಆಕ್ಟಿವ್ ರೆಡಿ ರನ್ನಿಂಗ್' ಎಂದೂ, ಕೆಟ್ಟದ್ದರ ಮುಂದೆ 'ಫೇಲ್ಡ್ ಫಾಲ್ಟಿ' ಎಂದೂ ಇರುತ್ತದೆ.

ಇಡೀ ತಪಾಸಣೆಯಲ್ಲಿ ಅತಿ ಮುಖ್ಯವಾದ ಎಚ್ಚರಿಕೆ ಇಲ್ಲಿದೆ. 'ಫೇಲ್ಡ್' ಎಂಬ ಪದ ಎಲ್ಲಿಯೂ ಕಾಣಲಿಲ್ಲವೆಂದು ನೆಮ್ಮದಿಯಿಂದಿರುವಂತಿಲ್ಲ. ಒಂದು ದಾರಿ ಕಡಿದಿದ್ದ ಸಮಯದಲ್ಲಿ ಸರ್ವರನ್ನು ಆರಿಸಿ ಹೊತ್ತಿಸಿದ್ದರೆ, ಹೊತ್ತಿಕೊಂಡ ಸರ್ವರ್ ತನಗೆ ಕಂಡ ದಾರಿಗಳನ್ನು ಮಾತ್ರ ಪಟ್ಟಿ ಮಾಡುತ್ತದೆ. ಕಡಿದ ದಾರಿ ಕೆಟ್ಟದ್ದೆಂದು ತೋರುವುದೇ ಇಲ್ಲ; ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಉಳಿದ ಸಾಲುಗಳೆಲ್ಲ ಸುಸ್ಥಿತಿಯಲ್ಲಿರುವಂತೆ ಕಾಣುತ್ತವೆ. ಖಾತೆಯಿಂದ ಒಂದು ಹಾಳೆಯನ್ನೇ ಹರಿದು ತೆಗೆದರೆ ಉಳಿದ ಹಾಳೆಗಳಲ್ಲಿ ಕೂಡುವಿಕೆಯ ತಪ್ಪು ಕಾಣದು. ಪುಟ ಸಂಖ್ಯೆ ಎಣಿಸಿದರೆ ಮಾತ್ರ ಕಾಣುತ್ತದೆ. ಇಲ್ಲಿಯೂ ಎಣಿಕೆಯೇ ಆಧಾರ. ಸರ್ವರಿನ ಎರಡು ಪೋರ್ಟುಗಳು ತಲಾ ಎರಡು ನಿಯಂತ್ರಕ ಪೋರ್ಟುಗಳನ್ನು ನೋಡುವಂತೆ ಏರ್ಪಾಡು ಮಾಡಿದ್ದರೆ ಪ್ರತಿ ಡಿಸ್ಕಿಗೂ ನಾಲ್ಕು ದಾರಿಗಳಿರಬೇಕು. ಅಳವಡಿಕೆಯ ದಿನ ಎಷ್ಟಿದ್ದವು ಎಂಬ ಸಂಖ್ಯೆ ಕಾಗದದ ಮೇಲೆ ಇದ್ದರೆ ಮಾತ್ರ ಇಂದು ಎರಡೇ ಇರುವುದು ತಪ್ಪೆಂದು ಹೇಳಲು ಸಾಧ್ಯ.

ಬೇರೆ ವ್ಯವಸ್ಥೆಗಳಲ್ಲಿ

ವಿಂಡೋಸ್ ಸರ್ವರ್ 2012 ಮತ್ತು ನಂತರದ ಆವೃತ್ತಿಗಳಲ್ಲಿ ಪವರ್‌ಶೆಲ್‌ನ 'ಗೆಟ್-ಇನಿಶಿಯೇಟರ್‌ಪೋರ್ಟ್' ಎಂಬ ಆಜ್ಞೆ ಪೋರ್ಟುಗಳ ಗುರುತಿನ ಸಂಖ್ಯೆಗಳನ್ನು ಕೊಡುತ್ತದೆ. ದಾರಿಗಳ ಎಣಿಕೆಗೆ 'ಎಂಪಿಕ್ಲೇಮ್' ಇದೆ. ಒಂದೇ ಯಂತ್ರದಲ್ಲಿ ಹಲವು ಸರ್ವರುಗಳನ್ನು ನಡೆಸುವ ವಿಎಂವೇರ್ ವ್ಯವಸ್ಥೆಯಲ್ಲಿ 'ಇಎಸ್‌ಎಕ್ಸ್‌ಸಿಎಲ್‌ಐ' ಆಜ್ಞೆಯ ಸಂಗ್ರಹ ವಿಭಾಗವು ಕಾರ್ಡು, ಕೊಂಡಿಯ ಸ್ಥಿತಿ, ದಾರಿಗಳು ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಐಬಿಎಂನ ಎಐಎಕ್ಸ್ ಇರುವಲ್ಲಿ 'ಎಫ್‌ಸಿಸ್ಟ್ಯಾಟ್' ಮತ್ತು 'ಎಲ್‌ಎಸ್‌ಪಾತ್' ಆಜ್ಞೆಗಳಿವೆ. ಗಾಜಿನ ಕೇಬಲಿನ ಬದಲು ಸಾಮಾನ್ಯ ಈಥರ್‌ನೆಟ್ ಜಾಲದ ಮೂಲಕ ಐಸ್ಕಸಿ ಪದ್ಧತಿಯಲ್ಲಿ ಡಿಸ್ಕ್ ಪೆಟ್ಟಿಗೆ ಜೋಡಿಸಿದ್ದರೆ ಲಿನಕ್ಸಿನಲ್ಲಿ 'ಐಸ್ಕಸಿಎಡಿಎಂ' ಎಂಬ ಆಜ್ಞೆ ಅದೇ ಕೆಲಸ ಮಾಡುತ್ತದೆ. ಆಜ್ಞೆ ಬೇರೆಯಾದರೂ ಕೇಳಬೇಕಾದ ನಾಲ್ಕು ಪ್ರಶ್ನೆಗಳು ಬದಲಾಗುವುದಿಲ್ಲ.

ಓದುವ ಆಜ್ಞೆ, ಬದಲಿಸುವ ಆಜ್ಞೆ

ಮೇಲೆ ಹೇಳಿದ ರೀತಿಯಲ್ಲಿ ಬಳಸಿದಾಗ ಈ ಆಜ್ಞೆಗಳು ಓದುತ್ತವೆಯೇ ಹೊರತು ಏನನ್ನೂ ಬದಲಿಸುವುದಿಲ್ಲ. ಆದರೆ ಇವುಗಳ ಪಕ್ಕದಲ್ಲಿಯೇ ಬದಲಿಸುವ ಆಜ್ಞೆಗಳೂ ಇವೆ. ಮಲ್ಟಿಪಾತ್ ಆಜ್ಞೆಗೆ 'ಎಲ್ ಎಲ್' ಬದಲು ದೊಡ್ಡಕ್ಷರದ 'ಎಫ್' ಕೊಟ್ಟರೆ ಬಳಕೆಯಲ್ಲಿಲ್ಲದ ಬಹುದಾರಿ ಜೋಡಣೆಗಳನ್ನೆಲ್ಲ ಅದು ತೆಗೆದುಹಾಕುತ್ತದೆ. ಕೊಂಡಿಯನ್ನು ಮರುಸ್ಥಾಪಿಸುವ, ಕಾರ್ಡಿನೊಳಗಿನ ಫರ್ಮ್‌ವೇರ್ ಬದಲಿಸುವ ಆಜ್ಞೆಗಳೂ ಇವೆ. ವ್ಯವಹಾರದ ಸಮಯದಲ್ಲಿ ಇವನ್ನು ಪ್ರಯೋಗಿಸಬಾರದು. ಯಾವ ಆಜ್ಞೆಗಳನ್ನು ಕೊಡಲಾಗುವುದು ಎಂಬ ಪಟ್ಟಿಯನ್ನು ಮೊದಲೇ ಬರೆಸಿಕೊಂಡು, ಅದರ ಹೊರಗೆ ಹೋಗಬಾರದೆಂದು ತಂತ್ರಜ್ಞರಿಗೆ ತಿಳಿಸುವುದು ಕ್ಷೇಮ.

ಲೆಕ್ಕಪತ್ರದ ದೃಷ್ಟಿಯಿಂದ

ಕಂಪನಿಗಳ ಅಧಿನಿಯಮ, 2013ರ 128ನೆಯ ಪ್ರಕರಣದಂತೆ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. ವಿದ್ಯುನ್ಮಾನ ರೂಪದ ಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟ್ ತಿಂಗಳಲ್ಲಿ ನಿಯಮ ತಿದ್ದುಪಡಿಯಾಯಿತು. ಪ್ರತಿ ಬದಲಾವಣೆಯ ಜಾಡನ್ನು ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸರಕು ಮತ್ತು ಸೇವಾ ತೆರಿಗೆಯ ಅಧಿನಿಯಮದ 36ನೆಯ ಪ್ರಕರಣದಂತೆ ನೋಂದಾಯಿತ ವ್ಯಕ್ತಿ, ಅದು ಕಂಪನಿಯಾಗಲಿ ಪಾಲುದಾರಿಕೆಯಾಗಲಿ, ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಗಳನ್ನು ಇಟ್ಟುಕೊಳ್ಳಬೇಕು. ಡಿಸ್ಕಿಗೆ ಹೋಗುವ ದಾರಿ ಕಡಿಯಿತೆಂಬುದು ಈ ಹೊಣೆಯಿಂದ ಬಿಡುಗಡೆ ಕೊಡದು.

ಇಲ್ಲಿ ಒಂದು ತಪ್ಪು ಕಲ್ಪನೆ ನಿವಾರಣೆಯಾಗಬೇಕು. ಎರಡು ದಾರಿಗಳೆಂದರೆ ಎರಡು ಪ್ರತಿಗಳಲ್ಲ. ಎರಡೂ ದಾರಿಗಳು ಹೋಗುವುದು ಒಂದೇ ಡಿಸ್ಕಿಗೆ. ಡಿಸ್ಕಿನಲ್ಲಿರುವುದೇ ಅಳಿಸಿಹೋದರೆ ಎಷ್ಟು ದಾರಿಗಳಿದ್ದರೂ ಪ್ರಯೋಜನವಿಲ್ಲ. ಪ್ರತ್ಯೇಕ ಬ್ಯಾಕಪ್ ಬೇಕೇ ಬೇಕು.

ಆಸ್ತಿಗಳ ದಾಖಲೆಗೂ ಈ ತಪಾಸಣೆಗೂ ನೇರ ಸಂಬಂಧವಿದೆ. ಕಂಪನಿಗಳ ಅಧಿನಿಯಮದ ಎರಡನೆಯ ಅನುಸೂಚಿಯಲ್ಲಿ ಸರ್ವರ್ ಮತ್ತು ಜಾಲಗಳಿಗೆ 6 ವರ್ಷ, ಮೇಜಿನ ಗಣಕ ಮುಂತಾದವುಗಳಿಗೆ 3 ವರ್ಷ ಉಪಯುಕ್ತ ಆಯುಷ್ಯ ನಿಗದಿಯಾಗಿದೆ. ಸಂಗ್ರಹ ಜಾಲದ ಕಾರ್ಡು ಸರ್ವರಿನೊಡನೆ ಮೊದಲ ವರ್ಗಕ್ಕೆ ಸೇರುತ್ತದೆ. ಪೆಟ್ಟಿಗೆ ತೆರೆಯದೆ ಅದನ್ನು ಕಣ್ಣಾರೆ ಕಾಣುವಂತಿಲ್ಲವಾದ್ದರಿಂದ, ಮಾದರಿ ಮತ್ತು ಗುರುತಿನ ಸಂಖ್ಯೆಗಳನ್ನು ತೋರಿಸುವ ಆಜ್ಞೆಯ ಉತ್ತರವು ಭೌತಿಕ ಪರಿಶೀಲನೆಗೆ ಒಳ್ಳೆಯ ಪುರಾವೆಯಾಗುತ್ತದೆ. ಕಾರ್ಡು ಬದಲಾದಾಗ ಹಳೆಯದನ್ನು ದಾಖಲೆಯಿಂದ ತೆಗೆದು ಹೊಸದರ ಸಂಖ್ಯೆ ನಮೂದಿಸಲು ಇದರಿಂದ ಅನುಕೂಲ.

ಮಾಡಬೇಕಾದದ್ದು

ಉದ್ದಿಮೆದಾರರು ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಸರ್ವರ್ ಖರೀದಿಯ ಬಿಲ್ಲು ತೆಗೆದು ಕಾರ್ಡುಗಳ ಸಂಖ್ಯೆ, ಮಾದರಿ, ವೇಗಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು.

2. ನಾಲ್ಕು ಪ್ರಶ್ನೆಗಳ ಉತ್ತರವನ್ನು ತಂತ್ರಜ್ಞರಿಂದ ಮುದ್ರಿಸಿ ತರಿಸಿ, ದಿನಾಂಕ ಮತ್ತು ಸಹಿ ಹಾಕಿಸಿ, ಆ ಹಾಳೆಯೊಡನೆ ತಾಳೆ ನೋಡಬೇಕು. ಇದೇ ಆರಂಭ ಶಿಲ್ಕು.

3. ಮೂರು ತಿಂಗಳಿಗೊಮ್ಮೆ ಅದೇ ಆಜ್ಞೆಗಳ ಉತ್ತರ ತರಿಸಿ ಹಿಂದಿನದರೊಡನೆ ಹೋಲಿಸಬೇಕು. ದಾರಿಗಳ ಸಂಖ್ಯೆ ಕಡಿಮೆಯಾಗಿದೆಯೆ, ಕೆಟ್ಟ ಕಂತೆಗಳ ಲೆಕ್ಕ ಏರಿದೆಯೆ ಎಂಬ ಎರಡು ಅಂಶಗಳನ್ನು ತಪ್ಪದೆ ನೋಡಬೇಕು.

4. ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ಈ ವರದಿ ಕೊಡುವುದನ್ನು ಷರತ್ತಾಗಿ ಸೇರಿಸಬೇಕು. ಶುಲ್ಕದ ಕೊನೆಯ ಕಂತನ್ನು ವರದಿ ಬಂದ ಮೇಲೆ ಕೊಡುವ ಪದ್ಧತಿ ಇಟ್ಟುಕೊಂಡರೆ ವರದಿ ತಪ್ಪದು.

5. ವರ್ಷಕ್ಕೊಮ್ಮೆ, ರಜಾದಿನದಂದು, ಬ್ಯಾಕಪ್ ತೆಗೆದ ನಂತರ, ತಂತ್ರಜ್ಞರ ಸಮಕ್ಷಮದಲ್ಲಿ ಒಂದೊಂದೇ ದಾರಿಯ ಕೇಬಲನ್ನು ತೆಗೆಸಿ, ಇನ್ನೊಂದರ ಮೇಲೆ ವ್ಯವಹಾರ ನಡೆಯುತ್ತದೆಯೆಂದು ಪರೀಕ್ಷಿಸಬೇಕು. ಒಂದನ್ನು ಮತ್ತೆ ಜೋಡಿಸಿ, ಎಣಿಕೆ ಪೂರ್ಣವಾಗಿದೆಯೆಂದು ಮಲ್ಟಿಪಾತ್ ಆಜ್ಞೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಇನ್ನೊಂದನ್ನು ತೆಗೆಯಬೇಕು.

6. ಬಳಸಿದ ಸರ್ವರ್ ಕೊಳ್ಳುವವರು ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಕಾರ್ಡಿನ ಮಾದರಿ ಮತ್ತು ಸಾಧ್ಯ ವೇಗಗಳನ್ನು ಆಜ್ಞೆಯ ಮೂಲಕ ತೋರಿಸಲು ಕೇಳಬೇಕು.

ತಂತ್ರಜ್ಞರು ಸ್ಥಳದಲ್ಲಿದ್ದರೆ ನಾಲ್ಕು ಪ್ರಶ್ನೆಗಳ ಈ ತಪಾಸಣೆಗೆ ಹಿಡಿಯುವ ಕಾಲ ಒಂದು ಲೋಟ ಚಹಾ ಕುಡಿಯುವಷ್ಟು. ಇದಕ್ಕೆ ತಗಲುವ ವೆಚ್ಚ ಕೆಲವು ಹಾಳೆ ಕಾಗದ. ಎರಡು ದಾರಿಗಳಿಗೆ ಹಣ ತೆತ್ತ ಸಂಸ್ಥೆಯು ಎರಡೂ ತೆರೆದಿವೆಯೆಂಬುದಕ್ಕೆ ಪುರಾವೆ ಕೇಳುವುದು ವ್ಯಾಪಾರದ ಸಾಮಾನ್ಯ ವಿವೇಕ. ಮುಂದಿನ ಬಾರಿ ದಾಸ್ತಾನು ಎಣಿಕೆಯ ಪಟ್ಟಿ ಸಿದ್ಧಪಡಿಸುವಾಗ ಕೊನೆಯಲ್ಲಿ ಇದಕ್ಕೂ ಒಂದು ಸಾಲು ಇರಲಿ.